ಇಲ್ಲ ಎನ್ನದ ಮನೆಯ ಬ್ಯಾಟರಿ

ಗಜೇಂದ್ರಗಡ,
ತಾ. ೧೨-೩-೧೯೫೮, ಬುಧವಾರ

ಚಿ. ಸೌ. ರೇಣುಕವ್ವಳಿಗೆ ಅತ್ತೆಯ ಹಾರೈಕೆಗಳು.

ನಿನ್ನ ಮೈ ಹೇಗಿದೆ, ಹಾಲು ಸಾಕಾಗುತ್ತಿದೆಯೇ, ಕೂಸು ನಿನಗೆ ಮಲಗಲು ಬಿಡುತ್ತದೆಯೇ? ನರಗುಂದದಿಂದ ನಿಮ್ಮ ಅಪ್ಪನವರು ಬರೆದ ಕಾರ್ಡು ಬಂದು ಮುಟ್ಟಿತು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಕ್ಷೇಮ ಎಂದು ಎರಡೇ ಸಾಲು. ಗಂಡಸರಿಗೆ ಕೂಸಿನ ವಿಷಯ ಬರೆಯಲು ಬರುವುದಿಲ್ಲ. ಬಣ್ಣ ಯಾರದು, ಮೂಗು ಯಾರದು, ಅಳುವುದು ಗಟ್ಟಿಯಾಗಿಯೋ ಸಣ್ಣಗೋ, ಒಂದೂ ಇಲ್ಲ. ಗಟ್ಟಿಯಾಗಿಯೇ ಅಳುತ್ತಿರಬೇಕು, ನಿನ್ನ ಮಗಳಲ್ಲವೇ. ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಅಂಗಳಕ್ಕೆ ಬರಬೇಡ, ನಿಮ್ಮ ಊರಿನ ಗುಡ್ಡದ ಗಾಳಿ ಬಾಣಂತಿಗೆ ಒಳ್ಳೆಯದಲ್ಲ. ಅಳವಿ ಪಾಯಸ ಸೇರುವುದಿಲ್ಲ ಎಂದು ಮುಖ ತಿರುಗಿಸುತ್ತಿರುತ್ತೀ, ನನಗೆ ಗೊತ್ತು. ಮೂಗು ಹಿಡಿದುಕೊಂಡಾದರೂ ಕುಡಿ. ಕೂಸಿಗೆ ಎಣ್ಣೆ ಹಚ್ಚುವವಳು ಕೈಗೆ ಬಳೆ ಹಾಕಿಕೊಂಡು ಹಚ್ಚದಂತೆ ನೋಡು. ಹೂವಪ್ಪ ಕೂಸಾಗಿದ್ದಾಗ ಅವನ ಬೆನ್ನ ಮೇಲೆ ಬಳೆ ಗೀರಿದ ಗುರುತು ಇವತ್ತಿಗೂ ಇದೆ. ನಿನ್ನ ಗಂಡನ ಬೆನ್ನು, ನೀನು ನೋಡಿರಬೇಕು.

ನೀನು ತವರಿಗೆ ಹೊರಟ ದಿನ ನಮಸ್ಕಾರ ಮಾಡಿದೆ, ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅಂದಿನಿಂದ ನೀನು ಒಂದು ಸಾಲು ಬರೆದಿಲ್ಲ. ಕಿರಿಯಳು ಮೊದಲು ಬರೆಯಬೇಕಾದ್ದು ಪದ್ಧತಿ, ಅದಿರಲಿ. ಗುಮಾಸ್ತನ ಕೈಯಿಂದ ಬರೆಸಬಹುದಿತ್ತು. ಆದರೆ ಮ್ಯಾಟ್ರಿಕ್‌ವರೆಗೆ ಓದಿದವಳು ಸೊಸೆಗೆ ಬರೆಯುವ ಪತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಪೇಟೆಯಲ್ಲಿ ನಿಂತು ಓದಿ ಹೇಳಿದ ಹಾಗೆ. ಅದಕ್ಕೆ ನಾನೇ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಗಿರಣಿಯ ಕಡೆ ನೋಡುವುದು, ಮತ್ತೆ ಬಂದು ಕೂರುವುದು. ಗಿರಣಿ ನಿಂತಿದೆ ರೇಣುಕವ್ವ. ಯುಗಾದಿ ಬಾಗಿಲಿಗೆ ಬಂದಿದೆ, ಅಂಗಳದಲ್ಲಿ ಹತ್ತಿ ಮಾಳಿಗೆಯೆತ್ತರಕ್ಕೆ ಬಿದ್ದಿದೆ, ಸವಡಿಯ ಗಾಡಿಗಳು, ಮುಶಿಗೇರಿಯ ಗಾಡಿಗಳು ಬರುತ್ತಲೇ ಇವೆ. ಕರೆಂಟು ಇದೆ, ಮೋಟರು ಚಲೋ ಇದೆ. ಯಂತ್ರಕ್ಕೆ ಹತ್ತಿ ಹಾಕುವ ಹೆಣ್ಣುಮಕ್ಕಳು ಒಳಗೆ ಬರುತ್ತಿಲ್ಲ. ದಿನಾ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಬಾಗಿಲ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂರುತ್ತಾರೆ, ಉಣ್ಣುತ್ತಾರೆ, ಸಂಜೆಗೆ ಎದ್ದು ಹೋಗುತ್ತಾರೆ. ಬೈದರೆ ಬೈಸಿಕೊಳ್ಳುತ್ತಾರೆ. ಒಳಗೆ ಮಾತ್ರ ಬರುವುದಿಲ್ಲ. ಮೊದಲಿನಿಂದ ಬರೆಯುತ್ತೇನೆ. ಇಲ್ಲವಾದರೆ ನೀನು ಇನ್ಯಾರ ಬಾಯಿಂದಲೋ ಉಪ್ಪು ಖಾರ ಹಚ್ಚಿದ್ದನ್ನು ಕೇಳುತ್ತೀ.

(ಈಗ ಒಮ್ಮೆ ಎದ್ದು ಬಂದೆ. ತಲೆಯ ಮೇಲಿನ ಬಲ್ಬು ಮಿಣುಕಿತು ಅನಿಸಿತು, ಮಿಣುಕಿರಲಿಲ್ಲ. ನಡುಮನೆಯಲ್ಲಿ ಹಗಲು ಹೊತ್ತು ದೀಪ ಉರಿಸುತ್ತಿದ್ದೇನೆ. ಹಗಲು ದೀಪ ದರಿದ್ರ ಎಂದು ನಿನ್ನನ್ನು ಎಷ್ಟು ಸಲ ಬೈದಿಲ್ಲ. ಈಗ ಅದು ಉರಿಯದಿದ್ದರೆ ಕರೆಂಟು ಇದೆಯೋ ಹೋಯಿತೋ ತಿಳಿಯದು, ತಿಳಿಯದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.)

ಹೋದ ವರ್ಷ ಗದಗಿನ ಅಕ್ಬರಸಾಬ ಮೋಟರ್ ಖೋಲಿಯ ಪಕ್ಕದ ಸಣ್ಣ ಖೋಲಿಯಲ್ಲಿ ನಾಲ್ಕು ಬ್ಯಾಟರಿ ಕೂಡಿಸಿದ ದಿನ ನೀನೂ ನಾನೂ ಬಾಗಿಲಲ್ಲಿ ನಿಂತಿದ್ದೆವು. ನಾನು ಅವನಿಗೆ, ಕರೆಂಟು ಇರುವಾಗ ಬ್ಯಾಟರಿ ಯಾಕಪ್ಪ ಎಂದು ಕೇಳಿದೆ. ಅವನು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ. "ಅವ್ವಾರ, ಕರೆಂಟ್ ಹೋದ್ರ ಮೋಟರ್ ನಿಂದರತೈತ್ರಿ, ಖರೆ ಗಾಲಿ ನಿಂದರಂಗಿಲ್ಲ. ಅಷ್ಟು ಭಾರದ ಗಾಲಿ, ತನ್ನ ಜೋರಿಗೆ ತಾ ಇನ್ನಷ್ಟು ಹೊತ್ತು ತಿರಗತೈತಿ. ಆವಾಗ ಯಾರರ ಸೆರಗು ಸಿಕ್ಕು, ಹಗ್ಗ ಎಳೆದ್ರ, ಗಂಟಿ ಬಾರಿಸಬೇಕು, ಬ್ರೇಕ್ ಬೀಳಬೇಕು. ಅದಕ್ಕ ಇವು. ಉಳದ ವ್ಯಾಳ್ಯಾದಾಗ ಇವಕ್ಕ ಏನೂ ಕೆಲಸಿಲ್ರಿ, ಸುಮ್ಮನ ಕುಂತಿರತಾವು." ನೀನು ಅವನ ಮೊದಲ ಮಾತು ಹಿಡಿದುಕೊಂಡೆ, ನಾನು ಕೊನೆಯ ಮಾತು ಹಿಡಿದುಕೊಂಡೆ. ಈ ಮನೆಯಲ್ಲಿ ಬೆಕ್ಕು ಕೂಡ ಇಲಿ ಹಿಡಿಯದೆ ಹಾಲು ಕುಡಿದದ್ದಿಲ್ಲ. ಸುಮ್ಮನೆ ಕೂರುವ ನಾಲ್ಕು ಪೆಟ್ಟಿಗೆಗೆ ಒಂದು ಖೋಲಿ, ಅದಕ್ಕೊಂದು ಕೀಲಿ, ತಿಂಗಳಿಗೊಮ್ಮೆ ಭಟ್ಟಿ ಇಳಿಸಿದ ನೀರು. ನನ್ನ ಕಣ್ಣಿಗೆ ಅದು ಬೀಗರ ಮನೆಯಿಂದ ಬಂದು ಹೊರಡದೆ ಉಳಿದ ನೆಂಟರ ಹಾಗೆ ಕಾಣುತ್ತಿತ್ತು.

ನೀನೋ ದಿನಾ ಮುಂಜಾನೆ ಹೆಣ್ಣುಮಕ್ಕಳು ಒಳಗೆ ಬರುವ ಮೊದಲು ಮೋಟರು ನೋಡಿಕೊಳ್ಳುವ ಪರಶಪ್ಪನಿಗೆ ಹೇಳಿ ಗಾಲಿ ಬರಿದೇ ತಿರುಗಿಸಿ, ಕರೆಂಟಿನ ದೊಡ್ಡ ಸ್ವಿಚ್ಚು ಆರಿಸಿ, ಹೆಣ್ಣುಮಕ್ಕಳ ತಲೆಯ ಮೇಲೆ ಹಾಯ್ದ ಹಗ್ಗ ಎಳೆದು ನೋಡುತ್ತಿದ್ದೆ. ಗಂಟೆ ಬಾರಿಸುತ್ತಿತ್ತು, ಬ್ರೇಕು ಧಡ್ ಎಂದು ಬೀಳುತ್ತಿತ್ತು. ಮನೆಯಲ್ಲಿ ಪೂಜೆಗೆ ಕೂತ ನನಗೂ ಆ ಸಪ್ಪಳ ಕೇಳುತ್ತಿತ್ತು. ಬೇವಿನ ಗಿಡದ ಬುಡದಲ್ಲಿ ಕೂತವರು ಅದು ಕೇಳಿದ ಮೇಲೆ ಏಳುತ್ತಿದ್ದರು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದರು. ಈ ವರ್ಷ ಸುಗ್ಗಿ ಸುರುವಾದಾಗ ಪರಶಪ್ಪ ನಾಲ್ಕು ದಿನ ಹಾಗೆಯೇ ಮಾಡಿದ. ಸುಮ್ಮನೆ ಬ್ರೇಕು ಸವೆಸಬೇಡ ಎಂದು ನಾನೇ ಬಿಡಿಸಿದೆ.

ಇನ್ನು ನಿನ್ನ ನನ್ನ ಮಾತು ನಿಂತದ್ದು. ನಿನಗೆ ಕುಬಸ ಮಾಡಿ ತವರಿಗೆ ಕಳಿಸುವ ಮುಂಚಿನ ವಾರ ಗುರುಸಂಗಪ್ಪ ಮಠದ ಪರವಾಗಿ ಬಂದಿದ್ದ. ಪುರಾಣ ಮುಗಿಯುವ ಮಂಗಲದ ದಿನ ಮಂದಿ ಬಹಳ ಸೇರುತ್ತಾರೆ, ಲೌಡ್ ಸ್ಪೀಕರಿಗೆ ನಿಮ್ಮ ಬ್ಯಾಟರಿ ಬೇಕು ಎಂದು ಮುಂಚೆಯೇ ಮಾತು ಹಾಕಲು ಬಂದವನು. ಕಟ್ಟೆಯ ಮೇಲೆ ಇನ್ನೂ ನಾಲ್ಕು ಮಂದಿ ಹಿರಿಯರಿದ್ದರು. ನಾನು ಹೂಂ ಅನ್ನುವುದರೊಳಗೆ ನೀನು ಬಾಗಿಲ ಮರೆಯಿಂದ, "ಅವು ಖಾಲಿ ಕುಂತಿಲ್ರಿ ಕಾಕಾ, ಕಾಯಾಕ ಕುಂತಾವು. ಕೊಡಂಗಿಲ್ರಿ" ಎಂದೆ. ಗುರುಸಂಗಪ್ಪ ನಕ್ಕು, "ಸೊಸಿ ಭಾಳ ಬಿಗಿ ಅದಾಳ್ರೆವ್ವಾ" ಎಂದು ಎದ್ದು ಹೋದ. ನಾನು ನಿನಗೆ ಏನು ಹೇಳಿದೆ ಎಂದು ಇಲ್ಲಿ ಮತ್ತೆ ಬರೆಯುವುದಿಲ್ಲ, ನೀನು ಮರೆತಿರಲಾರೆ. ನನ್ನ ಅತ್ತೆ ಸಾಯುವ ಮುಂಚೆ ನನ್ನ ಕೈಯಲ್ಲಿ ಚಾವಿ ಗೊಂಚಲು ಇಟ್ಟು ಹೇಳಿದ್ದು ಒಂದೇ ಮಾತು: "ಬೇಡಾಕ ಬಂದವ್ರಿಗೆ ಈ ಬಾಗಲಾಗ ಇಲ್ಲ ಅನಬ್ಯಾಡ." ಕಡಾಯಿ ಕೊಟ್ಟಿದ್ದೇವೆ, ಜಮಖಾನೆ ಕೊಟ್ಟಿದ್ದೇವೆ, ಮದುವೆಗೆ ಗಾಡಿ, ಸತ್ತವರ ಚಟ್ಟಕ್ಕೆ ಕಟ್ಟಿಗೆ, ಎಲ್ಲ ಕೊಟ್ಟಿದ್ದೇವೆ. ಊರಲ್ಲಿ ಈ ಮನೆಗೆ ಇರುವ ಹೆಸರು ಹತ್ತಿಯಿಂದ ಬಂದದ್ದಲ್ಲ.

ಹೋದ ವಾರ ಮಂಗಲದ ದಿನ ಬ್ಯಾಟರಿ ಕೊಟ್ಟೆ. ಯಾಕೆ ಕೊಡಬಾರದು? ಅಂದು ಗಿರಣಿಗೆ ಸೂಟಿ, ಹೆಣ್ಣುಮಕ್ಕಳೆಲ್ಲ ಪುರಾಣಕ್ಕೇ ಹೋಗುವವರು. ಗಿರಣಿಗೆ ಕೆಲಸವಿಲ್ಲದ ದಿನ ಬ್ಯಾಟರಿಗೇನು ಕೆಲಸ ಎಂದುಕೊಂಡೆ. ಸ್ವಾಮಿಗಳ ಮಾತು ಕೋಟೆಯ ಬುಡದವರೆಗೆ ಕೇಳಿಸಿತು, ಬಾಳವ್ವನ ಮನೆಯ ಬ್ಯಾಟರಿ ಎಂದು ನನ್ನ ಹೆಸರು ಹಿಡಿದು ಕೂಗಿ ಹೇಳಿದರು. ಮರುದಿನ ಮುಂಜಾನೆ ಬ್ಯಾಟರಿ ತಿರುಗಿ ಬಂದದ್ದನ್ನು ನೀನು ನೋಡಬೇಕಿತ್ತು. ಇಸಗೊಂಡ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದಲ್ಲ, ಅದಕ್ಕೆ ಒಂದೊಂದು ಪೆಟ್ಟಿಗೆಯ ಮೇಲೂ ತೆಂಗಿನಕಾಯಿ, ಉತ್ತತ್ತಿ, ಬೆಲ್ಲದ ಅಚ್ಚು, ಚೆಂಡುಹೂವಿನ ಮಾಲೆ. ಮೈತುಂಬ ವಿಭೂತಿ. ಗಾಡಿಯ ಮುಂದೆ ಭಜನೆಯವರು. ನನ್ನ ಕಣ್ಣು ತುಂಬಿ ಬಂತು. ಪರಶಪ್ಪ ಅವನ್ನು ಇದ್ದ ಜಾಗದಲ್ಲಿ ಇಟ್ಟು ತಂತಿ ಕಟ್ಟಿದ, ನಾನು ಬೆಲ್ಲವನ್ನು ಎಲ್ಲರಿಗೂ ಹಂಚಿಸಿ ಗಿರಣಿ ಸುರು ಮಾಡಿಸಿದೆ.

ಬಿಸಿಲೇರುವ ಹೊತ್ತಿಗೆ ಕರೆಂಟು ಹೋಯಿತು. ನಾನು ಅಂಗಳದಲ್ಲಿ ಹತ್ತಿ ಹಸಿಯಿದೆಯೇ ಎಂದು ಕೈ ಹಾಕಿ ನೋಡುತ್ತಿದ್ದೆ. ಮೋಟರಿನ ದನಿ ಇಳಿಯಿತು, ಗಾಲಿಯ ದನಿ ಇಳಿಯಲಿಲ್ಲ. ದೀಪವಿಲ್ಲದಿದ್ದರೆ ಒಳಗೆ ಅರಳೆಯ ಧೂಳಿನಲ್ಲಿ ಹಗಲೂ ಮಬ್ಬು, ನಿನಗೆ ಗೊತ್ತಿದೆ. ಹತ್ತಿ ಹಾಕುತ್ತಿದ್ದ ಸಕ್ರವ್ವ ಮಬ್ಬಿನಲ್ಲಿ ಎದ್ದು ಹಿಂದೆ ಸರಿದಳು, ಅವಳ ಸೆರಗು ಗಾಲಿ ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು. ಅವಳೂ ಹಗ್ಗ ಎಳೆದಳು, ಪಕ್ಕದವರೂ ಎಳೆದರು. ಗಂಟೆ ಬಾರಿಸಲಿಲ್ಲ, ಬ್ರೇಕು ಬೀಳಲಿಲ್ಲ. ಜನ ಹೇಳುತ್ತಾರೆ, ಅವಳು ಕೂಗಿದ್ದು ಪೇಟೆಗೆ ಕೇಳಿಸಿತು ಎಂದು. ನನಗೆ ಕೂಗು ಆಮೇಲೆ ಕೇಳಿಸಿತು. ಮೊದಲು ನಾನು ಆ ಧಡ್ ಸಪ್ಪಳಕ್ಕೆ ಕಾದೆ. ಅದು ಬರಲಿಲ್ಲ. ಅಂಗಳದಲ್ಲಿ ಕೈಯಲ್ಲಿ ಹತ್ತಿ ಹಿಡಿದು ಅದು ಈಗ ಬಂದೀತು, ಈಗ ಬಂದೀತು ಎಂದು ನಿಂತೇ ಇದ್ದೆ. ಪರಶಪ್ಪ ಬಿದಿರಿನ ಗಳ ಹಾಕಿ ಪಟ್ಟಾವನ್ನು ಗಾಲಿಯಿಂದ ಕೆಡವಿದ, ಅಷ್ಟರಲ್ಲಿ ಸೀರೆ ಹರಿದು ಬಂತು. ಸೀರೆ ಹಳೆಯದಿತ್ತು, ಅದೇ ಅವಳ ಪುಣ್ಯ. ಹೊಸ ಇಳಕಲ್ ಸೀರೆಯಾಗಿದ್ದರೆ ಹರಿಯುತ್ತಿರಲಿಲ್ಲ. ತೋಳು ಸಂದು ತಪ್ಪಿತ್ತು, ಹೆಗಲ ಚರ್ಮ ಸುಲಿದಿತ್ತು. ದವಾಖಾನೆಯಲ್ಲಿ ಕೂಡಿಸಿ ಕಟ್ಟಿದ್ದಾರೆ, ಕೈ ಉಳಿಯುತ್ತದೆ ಎಂದಿದ್ದಾರೆ. ಅವಳ ಮನೆಗೆ ಪಾತ್ರೆ ತುಂಬ ಗೋಧಿ ಹಿಟ್ಟು ಕಳಿಸಿದ್ದೆ. ಪಾತ್ರೆ ತಿರುಗಿ ಬಂದಾಗ ಅದರಲ್ಲಿ ಒಂದು ಹಿಡಿ ಪುಟಾಣಿ, ಒಂದು ಚೂರು ಬೆಲ್ಲ ಇತ್ತು. ಒಂದು ಕೈಯಲ್ಲೇ ಇಟ್ಟು ಕಳಿಸಿದ್ದಾಳೆ. ನನಗೆ ಅದನ್ನು ತಿನ್ನಲೂ ಆಗಲಿಲ್ಲ, ಯಾರಿಗೂ ಕೊಡಲೂ ಆಗಲಿಲ್ಲ. ದೇವರ ಮುಂದೆ ಇಟ್ಟಿದ್ದೇನೆ.

ಅಕ್ಬರಸಾಬನನ್ನು ಗದಗಿನಿಂದ ಕರೆಸಿದೆ. ಮುಚ್ಚಳ ತೆಗೆದು, ಗಾಜಿನ ನಳಿಗೆ ಹಾಕಿ ನೋಡಿ, ವಿಭೂತಿ ಒರೆಸಿಕೊಳ್ಳುತ್ತ ನಕ್ಕ. "ಮೈಗೆಲ್ಲ ಪೂಜಿ ಆಗೇತ್ರಿ ಅವ್ವಾರ, ಹೊಟ್ಟಿ ಉಪವಾಸ ಐತಿ. ಇಡೀ ದಿನಾ ಭೋಂಗಾ ಒದರಿಸ್ಯಾರ, ಇವು ಮತ್ತ ತುಂಬಬೇಕಂದ್ರ ಎರಡು ದಿನರ ಬೇಕು. ಮ್ಯಾಲಿಂದ ನೋಡಿದ್ರ ತುಂಬಿದ್ದೂ ಒಂದ, ಖಾಲಿದೂ ಒಂದ." ಅವನ ಮೇಲೆ ನನಗೆ ಸಿಟ್ಟು ಬಂತು, ನಗಬಾರದಿತ್ತು. ತಪ್ಪು ಯಾರದು ಎಂದು ತೂಗಲು ನಾನು ಈ ಪತ್ರ ಬರೆಯುತ್ತಿಲ್ಲ. ತೂಗುವವರು ಊರಲ್ಲಿ ಬೇಕಾದಷ್ಟು ಇದ್ದಾರೆ. ಅವನು ನಿಂತು ನಾಲ್ಕೂ ತುಂಬಿಸಿ ಹೋದ. ಸೋಮವಾರ ಮುಂಜಾನೆ ನಾನೇ ಮುಂದೆ ನಿಂತು ಸ್ವಿಚ್ಚು ಆರಿಸಿ ಹಗ್ಗ ಎಳೆಸಿದೆ. ಗಂಟೆ ಬಾರಿಸಿತು, ಧಡ್ ಎಂದು ಬಿತ್ತು. ಬಾಗಿಲಿಗೆ ಬಂದು ನೋಡಿದರೆ ಬೇವಿನ ಗಿಡದ ಬುಡದಲ್ಲಿ ಒಬ್ಬಳೂ ಎದ್ದಿಲ್ಲ.

ಕೈ ಕಟ್ಟಿಕೊಂಡೇ ಸಕ್ರವ್ವ ಬಂದು ಅವರ ನಡುವೆ ಕೂತಿದ್ದಳು. ಸಪ್ಪಳ ಕೇಳಿಸಲಿಲ್ಲವೇ ಎಂದೆ. "ಕೇಳಿಸ್ತ್ರಿ ಅವ್ವಾರ. ಇವತ್ತ ತುಂಬ್ಯಾವ ಅಂಬೂದು ನಮಗೂ ಗೊತ್ತೈತಿ. ನಾಳಿ ಮಠದವ್ರು ಬಂದ್ರ ನೀವು ಇಲ್ಲ ಅಂತೀರೇನ್ರಿ?" ಎಂದಳು. ದನಿ ಏರಿಸಲಿಲ್ಲ, ಎದ್ದೂ ನಿಲ್ಲಲಿಲ್ಲ. ನಾನು ಸೊಂಟದ ಚಾವಿ ಗೊಂಚಲು ಹಿಡಿದುಕೊಂಡೆ. ಅವಳ ಪಕ್ಕದಲ್ಲಿದ್ದ ದೇವವ್ವ, ಅವಳ ನಾಲಿಗೆ ನಿನಗೆ ಗೊತ್ತೇ ಇದೆ, "ಇಲ್ಲ ಅನ್ನಾಕ ಬರೋರು ನರಗುಂದಕ್ಕ ಹೋಗ್ಯಾರ. ಸಣ್ಣವ್ವಾರು ಬರಲಿ, ಆಮ್ಯಾಲೆ ನೋಡೂಣು" ಎಂದಳು. ಎಲ್ಲರೂ ನೆಲ ನೋಡುತ್ತ ನಕ್ಕರು. ನನ್ನ ಗಿರಣಿಯ ಬಾಗಿಲಲ್ಲಿ, ನನ್ನ ಎದುರಿಗೆ.

ಹೂವಪ್ಪ ಆ ಸಂಜೆ, ಇವರ ಹಟ ಎಷ್ಟು ದಿನ, ಸವಡಿಯಿಂದ ಗಾಡಿ ತುಂಬ ಬೇರೆ ಹೆಣ್ಣುಮಕ್ಕಳನ್ನು ಕರೆಸೋಣ ಎಂದ. ಅವನಿಗೆ ಎಲ್ಲವೂ ಗಾಡಿ ತುಂಬ ತರುವ ಸಾಮಾನೇ. ಸವಡಿಯವರಿಗೆ ಸೆರಗು ಇಲ್ಲವೇನೋ ಎಂದು ಕೇಳಿದೆ, ಎದ್ದು ಒಳಗೆ ಹೋದ. ನಿನ್ನ ಗಂಡ ಕೆಟ್ಟವನಲ್ಲ. ಕೂಸಿಗೆ ಬೆಳ್ಳಿಯ ಕಾಲ್ಗಡಗ ಮಾಡಿಸಿಟ್ಟಿದ್ದಾನೆ, ದಿನಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ನೋಡುತ್ತಾನೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

ನಿನ್ನೆ ಇನ್ನೊಂದು ನಡೆಯಿತು. ಗುರುಸಂಗಪ್ಪ ಮತ್ತೆ ಬಂದ. ಯುಗಾದಿ ಮುಗಿದ ಮೇಲೆ ಅವನ ಮಗಳ ಮದುವೆ, ಲೌಡ್ ಸ್ಪೀಕರ್ ಗೊತ್ತು ಮಾಡಿದ್ದಾನೆ, ಬ್ಯಾಟರಿ ಬೇಕು. ಸಕ್ರವ್ವನ ಸುದ್ದಿ ಅವನಿಗೆ ಗೊತ್ತು, ಅಯ್ಯೋ ಪಾಪ ಎಂದ, ಎಂದು ಮತ್ತೆ ಬ್ಯಾಟರಿ ಕೇಳಿದ. ನಾನು ಅದೇ ಬಾಗಿಲಲ್ಲಿ ನಿಂತಿದ್ದೆ. ಇಲ್ಲ ಎನ್ನಬೇಕು. ಎರಡೇ ಅಕ್ಷರ. ನನ್ನ ನಾಲಿಗೆ ಆ ಮಾತನ್ನು ಒಮ್ಮೆಯೂ ಆಡಿದ್ದಿಲ್ಲ, ನಿನ್ನೆಯೂ ಆಡಲಿಲ್ಲ. ನನ್ನ ಬಾಯಿಂದ ಬಂದದ್ದು, "ನೋಡೂಣಪಾ." ಅವನು ಅದನ್ನೇ ಹೂಂ ಎಂದು ತಿಳಿದು ನಕ್ಕು ಹೋದ. ಇವತ್ತು ಮುಂಜಾನೆ ನಾನು ಗಿರಣಿಯ ಬಾಗಿಲಿಗೆ ಹೋಗುವುದರೊಳಗೆ ಆ ನೋಡೂಣು ಬೇವಿನ ಗಿಡದ ಬುಡ ಮುಟ್ಟಿತ್ತು. ಯಾರೂ ನನಗೆ ಏನೂ ಅನ್ನಲಿಲ್ಲ. ದೇವವ್ವ ಕೂಡ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. ಅಂದಿನಿಂದ, ಇಂದಿನಿಂದ ಎನ್ನಬೇಕು, ಮುಂಜಾನೆಯಿಂದ ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಅಡುಗೆಮನೆಗೆ ಹೋದರೆ ಯಾಕೆ ಬಂದೆ ಎಂಬುದು ಮರೆಯುತ್ತದೆ. ಪೂಜೆಗೆ ಕೂತರೆ ಕಿವಿ ಗಿರಣಿಯ ಕಡೆ. ಗಾಲಿ ನಿಂತ ಊರು ಇಷ್ಟು ಸಪ್ಪಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ, ನೆರೆಮನೆಯಲ್ಲಿ ರೊಟ್ಟಿ ಬಡಿಯುವುದು ಕೇಳಿಸುತ್ತದೆ.

ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಕೂರಿಸಿ ಕರೆಸಿಕೊಂಡಳು ಎಂಬ ಹೆಸರು ನನಗೆ ಬೇಡ. ಐದು ತಿಂಗಳು ತುಂಬಿದ ಮೇಲೆಯೇ, ಪದ್ಧತಿಯಂತೆ, ನಾವೇ ಬಂದು ಕರೆದುಕೊಂಡು ಬರುತ್ತೇವೆ. ತೊಟ್ಟಿಲಿಗೆ ಹಾಕುವ ದಿನ ಗೊತ್ತಾದರೆ ತಿಳಿಸು. ಕೂಸಿಗೆ ಹೆಸರು ಏನಿಡಬೇಕೆಂದು ನೀನೂ ಯೋಚಿಸಿರಬಹುದು. ನನ್ನದೂ ಒಂದಿದೆ, ಬಂದಾಗ ಹೇಳುತ್ತೇನೆ, ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಹೇಳು. ನಿನ್ನ ತಂದೆತಾಯಿಗೆ ನಮಸ್ಕಾರ ತಿಳಿಸು. ಕೂಸಿನ ಅಂಗಾಲಿಗೆ ನನ್ನ ಮುತ್ತು. ನಿನಗೆ ಆಯುಷ್ಯ ಆರೋಗ್ಯ ಹೆಚ್ಚಲಿ, ಮುತ್ತೈದೆತನ ಗಟ್ಟಿಯಾಗಲಿ.

ನಿನ್ನ ಅತ್ತೆ,
ಬಾಳವ್ವ

ತಾ. ಕ.: ಪತ್ರ ಮಡಚಿದ ಮೇಲೆ ಮತ್ತೆ ತೆರೆದಿದ್ದೇನೆ. ಇದನ್ನು ಟಪಾಲಿಗೆ ಹಾಕುವುದಿಲ್ಲ. ಸಕ್ರವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಪರಶಪ್ಪ ಬರುತ್ತಾನೆ, ಮಧ್ಯಾಹ್ನದ ಬಸ್ಸಿಗೆ ರೋಣದ ಮೇಲೆ ಹಾದು ಬರುತ್ತಾರೆ, ಹೊತ್ತಾಗಿದೆ. ಈಗಷ್ಟೇ ಎಲ್ಲ ಹೆಣ್ಣುಮಕ್ಕಳ ಎದುರಿಗೆ ಬ್ಯಾಟರಿ ಖೋಲಿಗೆ ಕೀಲಿ ಹಾಕಿದೆ. ಗೊಂಚಲಿನಿಂದ ಆ ಚಾವಿಯನ್ನು ಬಿಚ್ಚಿ ಸಕ್ರವ್ವನ ಆರಾಮಿದ್ದ ಕೈಯಲ್ಲಿ ಕೊಟ್ಟಿದ್ದೇನೆ. ಅದೊಂದೇ ಚಾವಿ, ಇನ್ನೊಂದಿಲ್ಲ. ಅವಳ ಎದುರಿಗೇ ಅದನ್ನು ನಿನ್ನ ನಡುವಿಗೆ ಸಿಕ್ಕಿಸಿಕೋ. ಅವಳು ಕಣ್ಣಾರೆ ಕಂಡು ಬಂದು ಹೇಳಿದ ಮರುದಿನವೇ ಒಳಗೆ ಬರುತ್ತೇವೆ ಎಂದು ಒಪ್ಪಿದ್ದಾರೆ. ನೀರು ಹಾಕುವ ದಿನ ಬಂದಾಗ ಪರಶಪ್ಪ ಬಂದು ಚಾವಿ ಒಯ್ದು, ಕೆಲಸ ಮುಗಿಸಿ ತಿರುಗಿ ತಂದುಕೊಡುತ್ತಾನೆ. ದಿನಾ ಮುಂಜಾನೆ ಹಗ್ಗ ಎಳೆಸುವುದು ನನ್ನ ಪಾಲಿನ ಕೆಲಸ. ಗುರುಸಂಗಪ್ಪ ಬಂದರೆ ಚಾವಿ ಸೊಸೆಯ ಕಡೆ ಇದೆ ಎನ್ನುತ್ತೇನೆ, ಅದರಲ್ಲಿ ಸುಳ್ಳೇ ಇಲ್ಲ. ಬರೀ ಚಾವಿ ಕಳಿಸಬಾರದೆಂದು ಅಂಟಿನುಂಡಿ ಕಟ್ಟಿ ಕೊಟ್ಟಿದ್ದೇನೆ, ಸಕ್ರವ್ವನಿಗೂ ಕೊಟ್ಟು ತಿನ್ನು. ತೊಟ್ಟಿಲಿನ ದಿನ ನಾನು ಬಂದಾಗ, ಯಾರಾದರೂ ಊರಿನವರು ಬೇಡಿದ್ದರೆ, ನನ್ನ ಬುದ್ಧಿ ಮತ್ತೆ ಕರಗಿ ನಾನೇ ಆ ಚಾವಿಗೆ ನಿನ್ನ ಮುಂದೆ ಕೈ ಚಾಚಬಹುದು. ನನಗೂ ಇಲ್ಲ ಅನ್ನು.